ಚುಕ್ಕೆ ಇದ್ದ ಮೀನು

ನನ್ನ ಗಂಡ ಡೆಲ್ಮರ್ ಪ್ರಿಬಿಲ್ ಮೀನಿನ ವಿಷಯದಲ್ಲಿ ನ್ಯಾಯಾಧೀಶ. ಬೇರೆ ಯಾವ ವಿಷಯದಲ್ಲೂ ಅವನ ಮಾತನ್ನು ನಾಯಿ ಕೂಡ ಕೇಳುವುದಿಲ್ಲ. ನಮ್ಮ ನಾಯಿಯಂತೂ ಹದಿಮೂರು ವರ್ಷ ಬದುಕಿ, ಒಮ್ಮೆಯೂ ಕೇಳದೆ ಸತ್ತುಹೋಯಿತು. ಆದರೆ ಮಾರ್ಚ್ ತಿಂಗಳಲ್ಲಿ ಮಿಸಿಸಿಪ್ಪಿಯ ಮೇಲಿನ ಹಿಮಗಡ್ಡೆ ಒಡೆದು, ಅಣೆಕಟ್ಟಿನ ಕೆಳಗೆ ನೀರು ಹಾಲು ಕಡಿಮೆಯಾದ ಕಾಫಿಯ ಬಣ್ಣಕ್ಕೆ ತಿರುಗಿ, ಊರಿನ ಗಂಡಸರೆಲ್ಲ ದೋಣಿ ಇಳಿಸಿದರೋ, ಡೆಲ್ಮರನ ದರ್ಬಾರು ಶುರು. ಯಾರ ಗಾಳಕ್ಕೆ ಅನುಮಾನದ ಮೀನು ಬಿದ್ದರೂ ಎತ್ತಿಕೊಂಡು ಅವನ ಹತ್ತಿರ ಬರುತ್ತಾರೆ. "ಡೆಲ್, ಸ್ವಲ್ಪ ನೋಡಪ್ಪಾ. ಇದು ವಾಲೈನೋ, ಸಾಗರೋ?"

ವಾಲೈ, ಸಾಗರ್ ಎರಡೂ ದಾಯಾದಿಗಳು. ಒಂದೇ ನೀರು, ಒಂದೇ ಹಸಿವು, ಒಂದೇ ನಮೂನೆಯ ಹಲ್ಲು. ಹೊಳೆಯ ತಳಕ್ಕೆ ಸೀಸದ ಗುಂಡಿನ ಗಾಳ ಇಳಿಸಿ, ಅದಕ್ಕೊಂದು ಜೀವಂತ ಸಣ್ಣ ಮೀನು ಚುಚ್ಚಿ, ನಿಧಾನವಾಗಿ ಎತ್ತಿ ಇಳಿಸುತ್ತಿದ್ದರೆ ಎರಡೂ ಬಂದು ಕಚ್ಚುತ್ತವೆ. ವಾಲೈ ದೊಡ್ಡದಾಗಿ ಬೆಳೆಯುತ್ತದೆ, ಮೈ ಹೊನ್ನಿನ ಬಣ್ಣ, ಬಾಲದ ಕೆಳತುದಿ ಬೆಳ್ಳಗೆ. ಸಾಗರ್ ಕಂದು, ಗಾತ್ರದಲ್ಲಿ ಕಿರಿದು, ಬೆನ್ನಿನ ರೆಕ್ಕೆಯನ್ನು ಬಿಡಿಸಿದರೆ ಸಾಲು ಸಾಲಾಗಿ ಕರಿಯ ಚುಕ್ಕೆ. ಹೆಸರೇನೋ ಸಾಗರ್, ಬದುಕೆಲ್ಲ ಹೊಳೆಯ ಕೆಸರಿನಲ್ಲಿ. ಇವೆರಡರ ಜಗಳದಲ್ಲಿ ನಮ್ಮೂರಿನಲ್ಲಿ ಎರಡು ಮದುವೆ ಮುರಿದಿವೆ. ಎರಡೂ ನನ್ನ ಮೈದುನ ಮೈಲೋನವೇ.

ಈ ಮೈಲೋನ ಹೆಸರು ಬರ್ನಡೀನಳ ಬಾರಿನ ಗೋಡೆಯ ಮೇಲಿದೆ. ಎಲ್ಲಕ್ಕಿಂತ ದೊಡ್ಡ ಮೀನಿನ ದಾಖಲೆಗೆ ಅಲ್ಲೊಂದು ಮರದ ಹಲಗೆ. ಒಂದು ಕಡೆ ವಾಲೈ, ಇನ್ನೊಂದು ಕಡೆ ಸಾಗರ್, ಅದರ ಕೆಳಗೆ ಹಿಡಿದವನ ಹೆಸರು ಮತ್ತು ತೂಕ. ವಾಲೈ ಕಡೆಯಲ್ಲಿ ಹನ್ನೆರಡು ಪೌಂಡಿನ ರಾಕ್ಷಸ ಮೀನೊಂದು ಕೂತಿದೆ, ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಸಾಗರ್ ಕಡೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಸಾಲು: ಮೈಲೋ ಪ್ರಿಬಿಲ್, ಐದು ಪೌಂಡು ಎರಡು ಔನ್ಸ್. ಹಲಗೆಗೊಂದು ಕಾನೂನಿದೆ. ಮೀನನ್ನು ಇಡಿಯಾಗಿ ಬಾರಿಗೆ ತರಬೇಕು, ಕುಡಿಯದೇ ಇರುವ ಇಬ್ಬರ ಎದುರು ತೂಗಬೇಕು. ಬಾರಿನಲ್ಲಿ ಕುಡಿಯದವರು ಇಬ್ಬರು ಸಿಗುವುದು ಐದು ಪೌಂಡಿನ ಸಾಗರ್ ಸಿಗುವುದಕ್ಕಿಂತ ಕಷ್ಟ. ಹಾಗಾಗಿ ಹಲಗೆಯ ಮೇಲೆ ಹೆಸರು ಬದಲಾಗುವುದು ಅಪರೂಪ.

ಊರಿನ ಮೀನಿಗೆಲ್ಲ ತೀರ್ಪು ಕೊಡುವ ಡೆಲ್ಮರನ ಹೆಸರು ಮಾತ್ರ ಅಲ್ಲಿ ಎಲ್ಲೂ ಇಲ್ಲ. ಅವನಿಗೆ ಈಗ ಎಪ್ಪತ್ತೊಂದು ವರ್ಷ. "ಸಾಯೋದ್ರೊಳಗೆ ಒಂದು ಸಲ ಆ ಹಲಗೆ ಮೇಲೆ ನನ್ನ ಹೆಸರು ನೋಡ್ಬೇಕು ಕಣೇ" ಎಂದು ಪ್ರತಿ ವಸಂತದಲ್ಲೂ ಹೇಳುತ್ತಾನೆ. ನಮ್ಮ ಮಗಳು ಹುಟ್ಟುವ ಹೊತ್ತಿನಲ್ಲೂ ಹೇಳಿದ್ದ. ನಾನು ಆಗ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ.

ಆ ಬಾರಿನಲ್ಲೇ ಚಳಿಗಾಲದಲ್ಲಿ ಇನ್ನೊಂದು ಆಟ ನಡೆಯುತ್ತದೆ. ಡೆಲ್ಮರನ ಕಣ್ಣಿಗೆ ಟವೆಲು ಕಟ್ಟಿ, ಕರಿದ ಮೀನಿನ ಒಂದು ತುಂಡು ಬಾಯಿಗಿಡುತ್ತಾರೆ. ಅವನು ಅಗಿದು, ಯಾವುದೆಂದು ಹೇಳುತ್ತಾನೆ. ಎರಡರ ರುಚಿಯೂ ಒಂದೇ ಎಂದು ನಾನು ನಲವತ್ತನಾಲ್ಕು ವರ್ಷದಿಂದ ಆಣೆ ಮಾಡಿ ಹೇಳುತ್ತಿದ್ದೇನೆ. ಅವನು ಒಂದು ಸಲವೂ ತಪ್ಪಿಲ್ಲ. ಆ ನಾಲಿಗೆಗೆ ನನ್ನ ಸೂಪಿನಲ್ಲಿ ಉಪ್ಪಿಲ್ಲ ಎಂದು ಗೊತ್ತಾಗುವುದು ಊಟ ಮುಗಿದ ಮೇಲೆ, ಅದು ಬೇರೆ ಮಾತು.

ಈ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ಮೂರನೇ ಶುಕ್ರವಾರ. ಶುಕ್ರವಾರ ಮಾಂಸ ಮುಟ್ಟುವಂತಿಲ್ಲ, ಮೀನಾದರೆ ದೇವರು ಕಣ್ಣು ಮುಚ್ಚಿಕೊಳ್ಳುತ್ತಾನೆ. ಅಣ್ಣತಮ್ಮಂದಿರು ಬೆಳಿಗ್ಗೆ ಐದಕ್ಕೇ ಹೋದವರು ಮಧ್ಯಾಹ್ನ ಹನ್ನೆರಡಕ್ಕೆ ಬಂದರು. ಮೈಲೋ ಬಕೆಟ್ಟನ್ನು ಗ್ಯಾರೇಜಿನಲ್ಲಿಟ್ಟು, ನನ್ನ ಮುಖ ನೋಡದೆ, ಸಂಜೆ ಊಟಕ್ಕೆ ಬರುತ್ತೇನೆಂದು ಹೇಳಿ ಹೊರಟುಬಿಟ್ಟ. ಮೈಲೋ ನಮ್ಮ ಮನೆಯಿಂದ ಕಾಫಿ ಕುಡಿಯದೆ ಹೊರಟದ್ದು ನಾನು ಕಂಡಿರಲಿಲ್ಲ.

ಡೆಲ್ಮರ್ ಬೂಟು ಬಿಚ್ಚುತ್ತಾ ಹೇಳಿದ, "ಒಂದು ವಾಲೈ ಸಿಕ್ತು. ನಾಲ್ಕೂವರೆ ಪೌಂಡು. ಮೈಲೋ ತೂಗಿದ. ಇವತ್ತಿನ ಊಟಕ್ಕೆ ಸಾಕು. ಹೆಂಗೆ ಎಳೀತು ಅಂತೀಯಾ, ಕತ್ತೆ ಕಟ್ಟಿದ ಹಾಗಿತ್ತು. ಸಾಗರ್ ಆಗಿದ್ದು ಇನ್ನೊಂದು ಪೌಂಡು ತೂಗಿದ್ರೆ ಇವತ್ತು ನಾನು ರಾಜ."

"ಸಾಗರ್ ಆಗಿದ್ರೆ ನೀನು ಇಷ್ಟೊತ್ತಿಗೆ ಬಾರಲ್ಲಿ ಬಿದ್ದಿರ್ತಿದ್ದೆ. ಕೈ ತೊಳ್ಕೊ."

ನಮ್ಮ ಮನೆಯಲ್ಲಿ ಮೀನು ಹಿಡಿಯುವುದು ಅವನು, ಕೊಯ್ಯುವುದು ನಾನು. ಹೊಳೆಗೆ ನಾನು ಕಾಲಿಡುವುದಿಲ್ಲ. ಮಾರ್ಚಿನ ಚಳಿಯಲ್ಲಿ ಆರು ಗಂಟೆ ಅಲುಗಾಡದೆ ಕೂತು, ಒಂದು ಡಬ್ಬಿಗೆ ಉಚ್ಚೆ ಹೊಯ್ದು, ಅದನ್ನು ಸಂತೋಷ ಅನ್ನುವವರ ಜೊತೆ ನನಗೇನು ಕೆಲಸ? ಗ್ಯಾರೇಜಿಗೆ ಹೋಗಿ, ಮೀನನ್ನು ಕೊಯ್ಯುವ ಮಣೆಯ ಮೇಲೆ ಹಾಕಿ, ಚಾಕು ಮಸೆದೆ. ಎಡಗೈಯಿಂದ ಬೆನ್ನಿನ ರೆಕ್ಕೆಯನ್ನು ಎತ್ತಿ ಹಿಡಿದೆ.

ಚುಕ್ಕೆ. ಸಾಲು ಸಾಲು ಚುಕ್ಕೆ. ಬಾಲ ತಿರುಗಿಸಿ ನೋಡಿದೆ. ಬಿಳಿ ಅನ್ನುವುದು ಹೆಸರಿಗೂ ಇಲ್ಲ. ಅಡುಗೆಮನೆಯ ತಕ್ಕಡಿ ತಂದು ತೂಗಿದೆ. ಐದು ಪೌಂಡು ಒಂಬತ್ತು ಔನ್ಸ್.

ಮೊದಲು ನನಗೆ ಬಂದದ್ದು ನಗು. ನಲವತ್ತು ವರ್ಷ ಬಡಾಯಿ ಕೊಚ್ಚಿಕೊಂಡವನು ತನ್ನ ದಾಖಲೆಯನ್ನು ತಾನೇ ಬಕೆಟ್ಟಿನಲ್ಲಿ ತುಂಬಿ, ಕರಿಯಲಿಕ್ಕೆ ಕೊಟ್ಟಿದ್ದಾನೆ! ಗೇಲಿ ಮಾಡಲೆಂದೇ ಮೀನನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. "ಡೆಲ್, ಇದು ಯಾವ ಮೀನು ಅಂದೆ?"

ಅವನು ಮೀನನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳಿನಿಂದ ರೆಕ್ಕೆಯನ್ನು ಬಿಡಿಸಿದ, ಶಾಸ್ತ್ರೋಕ್ತವಾಗಿಯೇ. ಆಮೇಲೆ ಕುತ್ತಿಗೆಯನ್ನು ಓರೆ ಮಾಡಿ, ಕೋಳಿ ಕಾಳು ನೋಡುವ ಹಾಗೆ, ಕಣ್ಣಿನ ಅಂಚಿನಿಂದ ನೋಡಿದ.

"ವಾಲೈ. ಬಾಲದ ತುದಿ ಬೆಳ್ಳಗಿಲ್ವಾ? ನಿಂಗೇನು ಕಣ್ಣು ಕಾಣಲ್ವೇನೇ?"

ನಾನು ಮೀನನ್ನು ಅವನ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡೆ. "ಹೌದು, ಬೆಳ್ಳಗಿದೆ" ಎಂದೆ.

ಗ್ಯಾರೇಜಿಗೆ ವಾಪಸು ಬಂದು ಮೀನಿನ ಎದುರು ಸ್ಟೂಲಿನ ಮೇಲೆ ಕೂತೆ. ಒಂದೊಂದೇ ನೆನಪಾಯಿತು. ಡಿಸೆಂಬರಿನಲ್ಲಿ ಅವನು ಪಿಕಪ್ಪು ಗಾಡಿ ತಿರುಗಿಸುವಾಗ ನಮ್ಮದೇ ಅಂಚೆಡಬ್ಬಿಯನ್ನು ಉರುಳಿಸಿ, ಮಂಜಿನ ಮೇಲೆ ಗೂಬೆ ಕೂರಿಸಿದ್ದ. ಗಾಳಕ್ಕೆ ದಾರ ಪೋಣಿಸುವ ಕೆಲಸವನ್ನೆಲ್ಲ ಮೈಲೋನಿಗೆ ಬಿಟ್ಟು, ಬೆರಳು ಜೋಮು ಅಂದಿದ್ದ. ಹೋಟೆಲಿನಲ್ಲಿ ತಿಂಡಿಯ ಪಟ್ಟಿಯನ್ನು ನನ್ನ ಕಡೆ ತಳ್ಳಿ, "ನೀನೇ ಓದು, ನಿನ್ನ ದನಿ ಚೆನ್ನಾಗಿದೆ" ಅಂದಿದ್ದ. ಮದುವೆಯಾದ ಮೇಲೆ ನನ್ನ ದನಿ ಚೆನ್ನಾಗಿದೆ ಎಂದು ಅವನು ಹೇಳಿದ್ದು ಅದೇ ಮೊದಲು. ನಾನು ಪೆದ್ದಿ, ನಂಬಿದ್ದೆ. ಎರಡು ದಿನ ಹಾಡು ಗುನುಗಿಕೊಂಡು ಓಡಾಡಿದ್ದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ ಅನ್ನುತ್ತಾರೆ. ಈ ಬೆಕ್ಕಿಗೆ ಕಣ್ಣು ಮುಚ್ಚುವ ಅಗತ್ಯವೂ ಇರಲಿಲ್ಲ. ಕಾಣದೇ ಹೋದದ್ದು ನನಗೆ.

ನನಗೆ ಭಯವಾಯಿತು. ಅಣೆಕಟ್ಟಿನ ಬಾಗಿಲಿನ ಕೆಳಗೆ ವಸಂತದ ನೀರು ಸುಮ್ಮನೆ ಹರಿಯುವುದಿಲ್ಲ, ಕುದಿಯುತ್ತದೆ. ಮೇಲಿನಿಂದ ಇಡೀ ಮರಗಳು ತೇಲಿ ಬರುತ್ತವೆ, ಅರ್ಧ ಮುಳುಗಿ, ತಲೆ ಮಾತ್ರ ತೋರಿಸಿಕೊಂಡು. ಅದರ ನಡುವೆ ಮೋಟಾರಿನ ಹಿಡಿ ಹಿಡಿದು ದೋಣಿ ಓಡಿಸುವುದು ನನ್ನ ಗಂಡ.

ಆಗಿನ್ನೂ ಒಂದೂವರೆ ಗಂಟೆ. ಮೀನನ್ನು ಇಡಿಯಾಗಿ ಬಾರಿಗೆ ಒಯ್ದರೆ ಅವನ ಹೆಸರು ಹಲಗೆ ಹತ್ತುತ್ತದೆ. ಆದರೆ ಬರ್ನಡೀನ್ ಮೊದಲು ಕೇಳುವುದೇ, "ಡೆಲ್, ಇದನ್ನ ನೇರ ಇಲ್ಲಿಗೆ ತರದೆ ಮನೆಗೆ ಯಾಕಪ್ಪಾ ಒಯ್ದೆ? ವಾಲೈ ಅಂದ್ಕೊಂಡ್ಯಾ?" ಆ ಪ್ರಶ್ನೆಯ ಎದುರು, ಊರಿನವರ ಎದುರು, ಅವನು ಕುತ್ತಿಗೆ ಓರೆ ಮಾಡಿಕೊಂಡು ನಿಂತಿರುವುದನ್ನು ನಾನು ಯೋಚಿಸಿ ನೋಡಿದೆ. ಆಮೇಲೆ ಯಾರೂ ಅವನ ಹತ್ತಿರ ಮೀನು ತರುವುದಿಲ್ಲ. ಪಿಕಪ್ಪು ಹೋಗುತ್ತದೆ, ದೋಣಿ ಹೋಗುತ್ತದೆ. ಹೊಳೆ ಇಲ್ಲದ ಡೆಲ್ಮರನನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯಲ್ಲಿಟ್ಟುಕೊಂಡು ನಾನಾದರೂ ಏನು ಮಾಡಲಿ? ಹೇಳಬೇಕು, ಖಂಡಿತ ಹೇಳಬೇಕು, ಆದರೆ ಇವತ್ತು ಬೇಡ. ಹಾಗೆ ನನಗೆ ನಾನೇ ಹೇಳಿಕೊಂಡು, ಕಿವಿರಿನ ಹಿಂದೆ ಚಾಕು ಇಟ್ಟು, ಬಾಲದವರೆಗೆ ಎಳೆದುಬಿಟ್ಟೆ. ನಾನು ಧೈರ್ಯವಂತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಾಲ್ಕು ಗಂಟೆಗೆ ಮೈಲೋ ಒಂದು ಬಾಟಲಿ ಬ್ರಾಂದಿ ಹಿಡಿದು ಹಿತ್ತಲ ಬಾಗಿಲಿಗೆ ಬಂದ. ನಾನು ಮೆಟ್ಟಿಲ ಮೇಲೆ ಆಲೂಗಡ್ಡೆ ಸುಲಿಯುತ್ತಿದ್ದೆ.

"ಮೀನು ಎಷ್ಟು ತೂಗ್ತು ಅಂದೆ ಮೈಲೋ?"

"ನಾಲ್ಕೂವರೆ" ಎಂದು ಟೋಪಿ ಸರಿ ಮಾಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ಟೋಪಿ.

"ನನ್ನ ತಕ್ಕಡಿ ಐದು ಒಂಬತ್ತು ಅನ್ನುತ್ತೆ."

"ನಿನ್ನ ತಕ್ಕಡಿ ಹಳೇದು ಕಣೇ ಲವಾನ್."

"ನಿನ್ನ ಅಣ್ಣನ ಕಣ್ಣೂ ಹಳೇದು."

ಮೈಲೋ ನನ್ನ ಪಕ್ಕದಲ್ಲಿ ಧೊಪ್ಪನೆ ಕೂತ. ಬಾಟಲಿಯ ಮುಚ್ಚಳ ತಿರುಗಿಸಿದ, ಮತ್ತೆ ಮುಚ್ಚಿದ. "ನಂಗೆ ಹೋದ ಅಕ್ಟೋಬರಿಂದ ಗೊತ್ತು. ನಾನು ಮುಂದೆ ಕೂತು ಕೂಗ್ತಾ ಇರ್ತೀನಿ, ಎಡಕ್ಕೆ ಮರ, ಬಲಕ್ಕೆ ಮರ, ಅಂತ. ಅವನು 'ಬಾಯ್ಮುಚ್ಚೋ, ನಂಗೆ ಕಾಣುತ್ತೆ' ಅಂತ ಬಯ್ತಾನೆ. ಬಯ್ತಾ ಬಯ್ತಾನೇ ತಿರುಗಿಸ್ತಾನೆ."

"ನಂಗ್ಯಾಕೋ ಹೇಳ್ಲಿಲ್ಲ, ದರಿದ್ರದವನೇ?"

"ಹೇಳಿದ್ರೆ ನೀನು ದೋಣಿ ಮಾರ್ತಿದ್ದೆ."

"ಸರಿ. ಆ ನಾಲ್ಕೂವರೆ? ಅದೂ ಅಣ್ಣನ ಮೇಲಿನ ಪ್ರೀತಿನಾ?"

"ಇಲ್ಲ. ಅದು ನನ್ನ ಹೊಟ್ಟೆಕಿಚ್ಚು" ಅಂದ. "ಇಪ್ಪತ್ತೆರಡು ವರ್ಷ ಲವಾನ್. ಎರಡು ಹೆಂಡ್ತಿ ಹೋದ್ರು, ಮನೆ ಹೋಯ್ತು. ಆ ಗೋಡೆ ಮೇಲಿನ ಒಂದು ಸಾಲು ಬಿಟ್ರೆ ನಂದು ಅಂತ ಏನಿದೆ ಹೇಳು?"

ಅವನ ತಲೆಗೆ ಒಂದು ಆಲೂಗಡ್ಡೆ ಎಸೆಯಬೇಕು ಅನ್ನಿಸಿತು. ಅಯ್ಯೋ ಪಾಪ ಅಂತಲೂ ಅನ್ನಿಸಿತು. "ಒಳಗೆ ಬಾ. ಸುಮ್ಮನೆ ತಿಂದು, ಸುಮ್ಮನೆ ಹೋಗು. ಬಾಯಿ ಬಿಟ್ರೆ ಹುಷಾರ್" ಎಂದೆ.

ಐದು ಗಂಟೆಗೆ ಊಟ. ಉಪ್ಪುಬಿಸ್ಕತ್ತಿನ ಪುಡಿ ಹಚ್ಚಿ ಕರಿದ ಮೀನು, ಆಲೂಗಡ್ಡೆ, ಎಲೆಕೋಸು, ರೈ ಬ್ರೆಡ್ಡು. ಡೆಲ್ಮರ್ ಪ್ರಾರ್ಥನೆಯನ್ನು ಎಂದಿನಂತೆ ಅರ್ಧ ನುಂಗಿ, ದೊಡ್ಡ ತುಂಡಿಗೇ ಕೈ ಹಾಕಿದ. ಕಚ್ಚಿದ, ಅಗಿದ. ಅಗಿಯುವುದು ನಿಧಾನವಾಯಿತು. ನಿಂತಿತು.

ನನಗೆ ಆಗ ಹೊಳೆಯಿತು. ಕಣ್ಣಿಗೆ ಟವೆಲು ಕಟ್ಟಿದರೂ ತಪ್ಪದ ನಾಲಿಗೆ! ಮೀನಿನ ಚುಕ್ಕೆ, ತೂಕ, ಮೈಲೋನ ಬಾಯಿ, ಎಲ್ಲವನ್ನೂ ಬಚ್ಚಿಟ್ಟಿದ್ದೆ. ಇದೊಂದನ್ನು ಮರೆತಿದ್ದೆ.

"ಇದು ಸಾಗರ್" ಅಂದ ಡೆಲ್ಮರ್.

"ಫ್ರೀಜರಲ್ಲಿದ್ದ ಚಿಕ್ಕದೂ ಎರಡು ಸೇರಿದೆ" ಎಂದೆ. ಸುಳ್ಳು ಹೇಳುವುದು ನನಗೆ ಸಲೀಸು, ಆದರೆ ಅವತ್ತು ಹೇಳಿದ್ದು ನನ್ನ ಕಿವಿಗೇ ಸುಳ್ಳೆನಿಸಿತು.

ಅವನು ತುಂಡನ್ನು ತಟ್ಟೆಯಲ್ಲಿಟ್ಟು, ಎರಡು ಬೆರಳಿನ ನಡುವೆ ಹಿಡಿದು ದಪ್ಪ ನೋಡಿದ. "ಚಿಕ್ಕ ಸಾಗರು ಇಷ್ಟು ದಪ್ಪ ಇರುತ್ತೇನೇ? ಇದು ನನ್ನ ಮೀನು." ಆಮೇಲೆ ಮೈಲೋನ ಕಡೆ ತಿರುಗಿದ. "ಎಷ್ಟು ತೂಗ್ತು?"

ಮೈಲೋ ನನ್ನನ್ನು ನೋಡಿದ. ನಾನು ಉಪ್ಪಿನ ಡಬ್ಬಿಯನ್ನು ನೋಡಿದೆ.

"ಐದು ಒಂಬತ್ತು" ಅಂದ ಮೈಲೋ. "ನಾನು ಸುಳ್ಳು ಹೇಳ್ದೆ ಡೆಲ್. ಹಲಗೆಗೋಸ್ಕರ. ನನ್ನ ಮುಖಕ್ಕೆ ಉಗಿ."

ಡೆಲ್ಮರ್ ಉಗಿಯಲಿಲ್ಲ. ಬಾಯಲ್ಲಿ ಮೀನಿತ್ತು. ಅದನ್ನು ನುಂಗಿ, ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿದ, ಮತ್ತೆ ಆ ಕೋಳಿಯ ಓರೆ. "ಅಡುಗೆಮನೆಗೆ ಮೀನು ತಂದೆಯಲ್ಲ, ಅದು ಪರೀಕ್ಷೆನಾ?"

"ಗೇಲಿ ಮಾಡೋಣ ಅಂತ ತಂದೆ."

"ನಡುವೆ ಕಾಣಲ್ಲ ಕಣೇ" ಅಂದ. "ಸುತ್ತ ಕಾಣುತ್ತೆ, ನಡುವೆ ಇಲ್ಲ. ಯಾವುದನ್ನ ನೇರ ನೋಡಿದ್ರೂ ಅದರ ಮೇಲೆ ಒಂದು ಕರೀ ಚುಕ್ಕೆ. ನಿನ್ನ ಮುಖದ ಮೇಲೂ ಇದೆ. ಮೈಲೋ ಮುಖದ ಮೇಲೂ ಇದೆ, ಅದು ಒಳ್ಳೇದೇ. ಎಲ್ಲಾ ಕಡೆ ಚುಕ್ಕೆ ಕಾಣೋವಾಗ ಮೀನಿನ ಚುಕ್ಕೆ ಯಾವುದು, ನಂದು ಯಾವುದು ಅಂತ ಹೆಂಗೆ ಹೇಳ್ಲಿ?"

"ಬಾಯಿ ಬಿಟ್ಟು ಹೇಳೋಕೇನಾಗಿತ್ತು, ಮುಠ್ಠಾಳ!" ಎಂದು ಕಿರುಚಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವನಿಗೆ ಅದು ಕಾಣುವುದಿಲ್ಲ ಎಂದು ನೆನಪಾಗಿ ಇನ್ನೂ ಜೋರಾಗಿ ಅತ್ತೆ. "ಆ ನೀರಲ್ಲಿ ಕುರುಡು ಕುರುಡಾಗಿ ದೋಣಿ ಓಡಿಸ್ತೀಯಲ್ಲ, ಸತ್ತಿದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?"

"ಹೇಳಿದ್ರೆ ಹೊಳೆ ತಪ್ಪುತ್ತೆ ಅಂತ ಹೆದರ್ಕೊಂಡೆ" ಅಂದ ಡೆಲ್ಮರ್. ಅವನು ಹೆದರುತ್ತೇನೆ ಅಂದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಮೈಲೋ ಎದ್ದು ನಿಂತ. "ನಾನೀಗಲೇ ಬಾರಿಗೆ ಹೋಗಿ ನನ್ನ ಹೆಸರು ಅಳಿಸಿ, ನಿನ್ನ ಹೆಸರು ಬರೆಸ್ತೀನಿ."

"ಕೂತ್ಕೊಳ್ಳೋ. ಮೀನು ಇಡಿಯಾಗಿ ಬೇಕು, ತೂಗೋಕೆ. ಅರ್ಧ ನಿನ್ನ ಹೊಟ್ಟೇಲಿದೆ. ಬರ್ನಡೀನ್ ನಿನ್ನ ಹಿಡಿದು ತಕ್ಕಡಿಗೆ ಹಾಕ್ತಾಳಾ?"

ಮೊದಲು ನಕ್ಕದ್ದು ಯಾರೆಂದು ನೆನಪಿಲ್ಲ. ನಾನೇ ಇರಬೇಕು, ಮೂಗು ಸುರಿಸುತ್ತಾ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಲೋಕದ ಮಾತು. ನಮ್ಮ ಮನೆಯದು ಅದೂ ಉಲ್ಟಾ. ತುತ್ತು ಬಾಯಿಗೆ ಬಂತು, ಕೈಯಿಂದ ಹೋಯಿತು. ಡೆಲ್ಮರ್ ಮತ್ತೊಂದು ತುಂಡು ಬಡಿಸಿಕೊಂಡು, "ದಾಖಲೆ ತಿನ್ನೋದಾದ್ರೆ ಪೂರ್ತಿ ತಿನ್ನೋಣ, ನಿಂಬೆಹಣ್ಣು ಕೊಡಿ" ಅಂದ.

ತಿಂದು ಮುಗಿಸಿ, ಅಂಗಿಯ ಜೇಬಿನಿಂದ ದೋಣಿಯ ಬೀಗದ ಕೈ ತೆಗೆದ. ನೀರಿಗೆ ಬಿದ್ದರೆ ತೇಲಲಿ ಅಂತ ಅದಕ್ಕೊಂದು ಕಾರ್ಕು ಕಟ್ಟಿದೆ. ಒಂದೆರಡು ಸಲ ಅಂಗೈಯಲ್ಲಿ ಉರುಳಿಸಿ, ಮೈಲೋನ ತಟ್ಟೆಯ ಪಕ್ಕ ಇಟ್ಟ.

"ನಾಳೆಯಿಂದ ನೀನು ಓಡ್ಸು. ನಾನು ಮುಂದೆ ಕೂತು ಬಯ್ತೀನಿ."

ಮೈಲೋ ಬೀಗದ ಕೈಯನ್ನು ಮುಟ್ಟಲಿಲ್ಲ.

"ಲವಾನ್, ನೀನೂ ಬರ್ಬೇಕು" ಅಂದ ಡೆಲ್ಮರ್.

"ನಾನ್ಯಾಕೆ? ನಂಗೆ ಹೊಳೆ ಕಂಡ್ರಾಗಲ್ಲ."

"ನಂಗೆ ಮೀನು ಕಾಣಲ್ಲ. ಇವನ ಕಣ್ಣು ಸರಿಯಿದೆ, ಬಾಯಿ ನಂಬೋ ಹಾಗಿಲ್ಲ. ತೂಕ ಓದೋಕೆ, ರೆಕ್ಕೆ ನೋಡೋಕೆ ಒಬ್ಬರು ಸಾಕ್ಷಿ ಬೇಡ್ವಾ?"

ಶನಿವಾರ ಬೆಳಿಗ್ಗೆ, ನಾನು, ಲವಾನ್ ಪ್ರಿಬಿಲ್, ಅರವತ್ತೇಳು ವರ್ಷದವಳು, ಮಗಳ ಹಳೆಯ ಹಿಮದ ಪ್ಯಾಂಟು ತೊಟ್ಟು ದೋಣಿಯ ನಡುವೆ ಕೂತಿದ್ದೆ. ಮೂಗು ಮರಗಟ್ಟಿತ್ತು. ಅಣೆಕಟ್ಟಿನ ಹತ್ತಿರ ಪೆಲಿಕನ್ ಹಕ್ಕಿಗಳು, ಅವುಗಳಿಗಿಂತ ಹೆಚ್ಚು ದೋಣಿಗಳು. ಮೈಲೋ ಹಿಂದೆ ಮೋಟಾರು ಹಿಡಿದು, ಮರದ ದಿಮ್ಮಿಗಳನ್ನು ತಪ್ಪಿಸುತ್ತಾ, ಹರಿವಿನ ಜೊತೆಗೆ ದೋಣಿಯನ್ನು ಮೆಲ್ಲಗೆ ಜಾರಿಸುತ್ತಿದ್ದ. ಡೆಲ್ಮರ್ ಮುಂದೆ ಕೂತು ಬಯ್ಯುತ್ತಿದ್ದ. ಅವನ ಬೆರಳು ದಾರದ ಮೇಲಿತ್ತು. "ಈಗ ಮರಳು... ಈಗ ಕಲ್ಲು... ಮೈಲೋ, ಕತ್ತೆ, ತಡಿ, ಇಲ್ಲೇ ಗುಂಡಿ" ಎಂದು ಹೊಳೆಯ ತಳವನ್ನೆಲ್ಲ ಬೆರಳಿನಿಂದ ಓದಿ ಹೇಳುತ್ತಿದ್ದ. ನಾನು ಕಣ್ಣು ನೆಟ್ಟು ನೋಡಿದರೂ ನನಗೆ ಕಂಡದ್ದು ಕೆಸರುನೀರು.

ಎಂಟು ಗಂಟೆಗೆ ಅವನ ಕೋಲು ಬಾಗಿತು. ದಾರ ಸುತ್ತಿದ. ಮೈಲೋ ಬಲೆ ಹಾಕಿ ಎತ್ತಿಕೊಟ್ಟು, ತುಟಿ ಬಿಗಿಹಿಡಿದು ಕೂತ. ಡೆಲ್ಮರ್ ಮೀನನ್ನು ಗಾಳದಿಂದ ಬಿಡಿಸಿ, ಹೆಬ್ಬೆರಳಿನಿಂದ ರೆಕ್ಕೆಯನ್ನು ಅಗಲಿಸಿ, ನೋಡಲು ಹೋಗಲಿಲ್ಲ. ನೇರವಾಗಿ ನನ್ನ ಕಡೆ ಚಾಚಿದ. ಪಕ್ಕದ ದೋಣಿಯವರು ಇತ್ತಲೇ ನೋಡುತ್ತಿದ್ದರು. ಊರಿನವರೆಲ್ಲ ನಲವತ್ತು ವರ್ಷ ಯಾವ ಪ್ರಶ್ನೆಯನ್ನು ಅವನ ಹತ್ತಿರ ತಂದಿದ್ದರೋ, ಅದನ್ನು ಅವನು ಎಲ್ಲರಿಗೂ ಕೇಳುವ ಹಾಗೆ, ದನಿ ತಗ್ಗಿಸದೆ ಕೇಳಿದ.

"ಲವಾನ್, ಸ್ವಲ್ಪ ನೋಡೇ. ಚುಕ್ಕೆ ಇದ್ಯಾ?"

ನಾನು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದೆ.

"ಇದೆ" ಎಂದೆ. "ಆದ್ರೆ ಮೀನು ನನ್ನ ಅಂಗೈಯಷ್ಟಿದೆ. ಅದರಮ್ಮನ ಹತ್ರ ಬಿಟ್ಟು, ಇನ್ನೊಂದು ಹಿಡಿ."